ಟವೆಲ್ ದುಡ್ಡು

ದ್ಯಾಮಮ್ಮನೂ ಅವಳ ಮೊಮ್ಮಗಳು ಮಧುಶ್ರೀಯೂ ಗಾಂಧಿ ಬಜಾರಿನ ತಿರುವಿನಲ್ಲಿ ಕಾಣಿಸಿಕೊಂಡಿದ್ದೇ ತಡ, ಕಾಂತರಾಜ ತನ್ನ ಶಾಮಿಯಾನದ ಅಂಗಡಿಯೊಳಗೆ ನುಗ್ಗಿ, ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ನಲವತ್ತೈದು ದಾಟಿದ ಗಂಡಸು. ಹೊಟ್ಟೆ ಬಂದಿದೆ, ಬಜಾರಿನಲ್ಲಿ ನಾಲ್ಕು ಜನ ‘ಏನ್ ಕಾಂತರಾಜಣ್ಣ’ ಅಂತ ಕೈ ಎತ್ತಿ ಮಾತಾಡಿಸ್ತಾರೆ. ಅಂಥವನು ಕುರ್ಚಿ ಸಂದಿಯಲ್ಲಿ! ಸಾಲ ಕೊಟ್ಟವನು ಬಂದಿದ್ದರೆ ಹೋಗಲಿ ಅನ್ನಬಹುದಿತ್ತು. ಬರ್ತಾ ಇದ್ದದ್ದು ಸತ್ತ ಅಕ್ಕನ ಅತ್ತೆ, ಅಕ್ಕನ ಮಗಳು. ಮುದುಕಿಯ ಕೈಯಲ್ಲಿ ಸ್ಟೀಲ್ ತಟ್ಟೆ, ಅದರ ಮೇಲೆ ಎಲೆಅಡಿಕೆ, ಒಂದು ಚಿಪ್ಪು ಬಾಳೆಹಣ್ಣು. ಮೈಮೇಲೆ ನೇರಳೆ ಬಣ್ಣದ ಸೀರೆ. ಆ ಸೀರೆ ಕೊಟ್ಟವನು ಇವನೇ.

“ರೀ, ಯಾರು ಬಂದ್ರು ನೋಡಿ!” ಅಂದಳು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಹೆಂಡತಿ ಶೀಲಾ. “ಅಯ್ಯ, ಅಲ್ಲೇನು ಮಾಡ್ತಿದೀರಿ?”

“ಇಲಿ ಕಣೇ. ಇಲಿ ನುಗ್ಗಿತ್ತು” ಅಂತ ಕಾಂತರಾಜ ಮಂಡಿ ಹಿಡಿದುಕೊಂಡು ಎದ್ದ.

ಇಲಿ ಯಾವುದು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ದ್ಯಾಮಮ್ಮ ತಟ್ಟೆಯನ್ನು ಅವನ ಮುಂದೆ ಇಟ್ಟಳು. ಭದ್ರಾವತಿ ಓಲ್ಡ್ ಟೌನಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರೂ ಮುಖದಲ್ಲಿ ಆಯಾಸ ಇರಲಿಲ್ಲ. “ಮಧುಗೆ ನರ್ಸಿಂಗ್ ಸೀಟು ಸಿಕ್ತು ಕಣಪ್ಪ. ಇಲ್ಲೇ, ನಿಮ್ಮ ಶಿವಮೊಗ್ಗದಲ್ಲೇ. ಸೋಮವಾರದೊಳಗೆ ಫೀಸು ಕಟ್ಟಬೇಕಂತೆ, ಇಲ್ಲದಿದ್ರೆ ಸೀಟು ಬೇರೆಯವರಿಗೆ ಹೋಗುತ್ತಂತೆ. ಇಷ್ಟು ವರ್ಷ ಕಾದು ಇಟ್ಕೊಂಡಿದೀಯ, ಆ ದುಡ್ಡನ್ನ ಸುಮ್ನೆ ಬಂದು ಇಸ್ಕೊಂಡು ಹೋಗೋದು ಮರ್ಯಾದೆ ಅಲ್ಲ. ಅದಕ್ಕೇ ಎಲೆಅಡಿಕೆ ತಂದೆ.”

ಮಧುಶ್ರೀ ಬಗ್ಗಿ ಅವನ ಕಾಲು ಮುಟ್ಟಿದಳು. ಕಾಂತರಾಜನ ಕಾಲಿಗೆ ಬೆಂಕಿ ತಾಗಿದಂತಾಯಿತು.

ಈ ದುಡ್ಡಿನ ಕಥೆ ಹೇಳಬೇಕು. ಮಧುಶ್ರೀಯ ಅಪ್ಪ ಯೋಗರಾಜ ಭದ್ರಾವತಿಯ ಒಂದು ಎರಕದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಒಂದು ಸಂಜೆ ಕೆಲಸ ಬಿಟ್ಟು ಸೈಕಲ್ಲಿನಲ್ಲಿ ಬರುವಾಗ ಯಾವುದೋ ಲಾರಿ ಹೊಡೆದುಕೊಂಡು ಹೋಯಿತು. ಲಾರಿ ಸಿಗಲಿಲ್ಲ, ಪರಿಹಾರವೂ ಇಲ್ಲ. ಹೆಂಡತಿ, ಅಂದರೆ ಕಾಂತರಾಜನ ಅಕ್ಕ, ಅದಕ್ಕೂ ಮೊದಲೇ ಕಾಮಾಲೆಯಲ್ಲಿ ಹೋಗಿದ್ದಳು. ಉಳಿದದ್ದು ಮಧುಶ್ರೀ, ಅವಳ ತಮ್ಮ ದುಶ್ಯಂತ, ಇಬ್ಬರನ್ನೂ ಸೆರಗಿಗೆ ಕಟ್ಟಿಕೊಂಡ ಈ ಅಜ್ಜಿ.

ಆ ಕಾರ್ಖಾನೆಯ ಗುತ್ತಿಗೆ ಕೆಲಸಗಾರರಲ್ಲಿ ಒಂದು ಪದ್ಧತಿ. ಅವರಲ್ಲಿ ಯಾರಾದರೂ ಸತ್ತರೆ ಸಂಬಳದ ದಿನ ಗೇಟಿನಲ್ಲಿ ಟವೆಲ್ ಹಿಡೀತಾರೆ. ಹಿಡಿಯೋನು ಪುಟ್ಟಯ್ಯ, ಹಳೇ ಮೇಸ್ತ್ರಿ. ಹೊರಗೆ ಬರೋ ಪ್ರತಿಯೊಬ್ಬನೂ ತನ್ನ ಒಂದು ದಿನದ ಕೂಲಿಯನ್ನು ಆ ಟವೆಲಿಗೆ ಹಾಕಬೇಕು. ಹಾಕಲೇಬೇಕು ಅಂತ ಯಾರೂ ಹೇಳಿಲ್ಲ, ಹಾಕದೆ ಹೋದವನೂ ಇಲ್ಲ. ‘ಇವತ್ತು ಅವನ ಮಕ್ಕಳಿಗೆ, ನಾಳೆ ನನ್ನ ಮಕ್ಕಳಿಗೆ’ ಅನ್ನೋ ಒಂದೇ ನಂಬಿಕೆಯ ಮೇಲೆ ನಿಂತಿದ್ದ ಪದ್ಧತಿ ಅದು.

ಯೋಗರಾಜನಿಗಾಗಿ ಹಿಡಿದ ಟವೆಲಿಗೆ ಎರಡು ಗಂಟು ಹಾಕಬೇಕಾಯ್ತು. ಅಷ್ಟು ಬಿತ್ತು. ಕಂಟ್ರಾಕ್ಟರೂ ಮೇಲಿಷ್ಟು ಹಾಕಿದ. ಒಟ್ಟು ಮೂರು ಲಕ್ಷ ಚಿಲ್ಲರೆ. ಈಗ ಗಂಟು ಯಾರ ಕೈಗೆ? ಮಕ್ಕಳ ದೊಡ್ಡಪ್ಪ ಮುಂದೆ ಬಂದ. ಪುಟ್ಟಯ್ಯ ಅವನನ್ನು ಎಲ್ಲರ ಮುಂದೆಯೇ ಗದರಿ ಹಿಂದಕ್ಕೆ ಕಳಿಸಿದ. “ಅಪ್ಪನ ಕಡೆಯೋರು ಪಾಲು ಕೇಳೋ ಜಾತಿ. ಸೋದರಮಾವ ಪಾಲು ಕೇಳೋ ಹಾಗಿಲ್ಲ, ಸಾಯೋವರೆಗೂ ಕೊಡೋನೇ ಅವನು. ಕೊಡೋ ಕೈಲಿ ದುಡ್ಡಿದ್ರೆ ಕ್ಷೇಮ” ಅಂದ. ಎಲ್ಲರೂ ತಲೆ ಆಡಿಸಿದರು. ಹೌದಲ್ಲ, ಸೋದರಮಾವ ತಟ್ಟೆ ತರೋನು, ತಟ್ಟೆಗೆ ಕೈ ಹಾಕೋನಲ್ಲ. ಹಾಗಾಗಿ ಗಂಟು ಕಾಂತರಾಜನ ಕೈಗೆ ಬಂತು.

ಅವನೂ ಆವತ್ತು ಕಳ್ಳನಲ್ಲ. ಅಕ್ಕನ ಫೋಟೋ ನೋಡಿ ಅತ್ತವನೇ. ಮಕ್ಕಳ ಹೆಸರಿಗೆ ಇಡಿಸೋಣ ಅಂತ ಬ್ಯಾಂಕಿಗೆ ಹೋದ. ಅವರು ಆ ಕಾಗದ, ಈ ಕಾಗದ ಅಂದರು. ‘ಸದ್ಯಕ್ಕೆ ನನ್ನ ಖಾತೇಲೇ ಇರಲಿ’ ಅಂತ ಹಾಕಿಕೊಂಡ. ಈ ‘ಸದ್ಯಕ್ಕೆ’ ಅನ್ನೋ ಮಾತಿದೆಯಲ್ಲ, ಅದರಷ್ಟು ಮನೆ ಹಾಳು ಮಾಡಿದ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ.

ಮರುವರ್ಷ ಮಧುಶ್ರೀ ದೊಡ್ಡವಳಾದಳು. ಆರತಿ ಮಾಡಬೇಕು, ಸೋದರಮಾವ ತಟ್ಟೆ ಹೊತ್ತುಕೊಂಡು ಹೋಗಬೇಕು. ಆಗ ಕಾಂತರಾಜನ ಜೇಬಲ್ಲಿ ಏನೂ ಇರಲಿಲ್ಲ. ಹೊಸ ಗಾಡಿ ತೆಗೆದುಕೊಂಡು ಕಂತು ಕಟ್ಟುತ್ತಿದ್ದ. ಒಂದು ಸೀರೆ, ಒಂದು ಕುಪ್ಪಸದ ಕಣ, ಕೊಬ್ಬರಿಬೆಲ್ಲ ತೆಗೆದುಕೊಂಡು ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅಲ್ಲಿ ಕಾರ್ಖಾನೆಯವರೆಲ್ಲ ಬರ್ತಾರೆ, ಮಕ್ಕಳ ದೊಡ್ಡಪ್ಪ ಇರ್ತಾನೆ. ‘ಮೂರು ಲಕ್ಷ ನಂಬಿ ಕೊಟ್ರೆ ಸೋದರಮಾವ ಬರಿಗೈಲಿ ಬಂದ’ ಅಂದುಬಿಟ್ಟರೆ? ಮಾನ ಹೋಗಲ್ವ? ಆ ಮಾನ ಉಳಿಸಿಕೊಳ್ಳೋಕೆ ಹೋಗಿ ಅವನು ಟವೆಲ್ ದುಡ್ಡಿಗೆ ಮೊದಲ ಸಲ ಕೈ ಹಾಕಿದ.

ಹಾಕಿದ್ದು ಸಣ್ಣ ಕೈಯಲ್ಲ. ಹುಡುಗಿಗೆ ಜುಮಕಿ, ಒಂದೆಳೆ ಸರ, ರೇಷ್ಮೆ ಲಂಗ. ಅಜ್ಜಿಗೆ ನೇರಳೆ ಸೀರೆ. ಹುಡುಗನಿಗೆ ಬಟ್ಟೆ. ಐದು ತಟ್ಟೆ ಹಣ್ಣು. ಬೀದಿ ತುಂಬ ತನ್ನದೇ ಶಾಮಿಯಾನ, ಬಂದವರಿಗೆಲ್ಲ ಹೋಳಿಗೆ ಊಟ. ಓಲ್ಡ್ ಟೌನಿನ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಪುಟ್ಟಯ್ಯ ಅವನ ಬೆನ್ನು ತಟ್ಟಿ, “ಸೋದರಮಾವ ಅಂದ್ರೆ ಹೀಗಿರಬೇಕು ಕಣ್ರೋ!” ಅಂತ ಊಟದ ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿದ. ಆ ಮಾತು ಕೇಳಿ ಕಾಂತರಾಜನ ಎದೆ ಉಬ್ಬಿತ್ತು. ಅದೇ ಅವನಿಗೆ ಇವತ್ತಿಗೂ ಅಸಹ್ಯ. ಮಗುವಿನ ದುಡ್ಡಿಂದ ಮಗುವಿಗೇ ಉಡುಗೊರೆ ಕೊಟ್ಟು, ಹೊಗಳಿಸಿಕೊಂಡು, ಒಂದು ಕ್ಷಣ ಅದು ತನ್ನದೇ ದುಡ್ಡು ಅಂತ ನಿಜವಾಗಿಯೂ ನಂಬಿಬಿಟ್ಟಿದ್ದನಲ್ಲ!

ಒಂದು ಸಲ ಕೈ ಹೋದ ಮೇಲೆ ಮಡಕೆಗೆ ಮುಚ್ಚಳ ಎಲ್ಲಿ? ಕೊರೋನಾ ಬಂತು, ಮದುವೆಗಳು ನಿಂತವು, ಗಾಡಿಯ ಕಂತು ನಿಲ್ಲಲಿಲ್ಲ. ಆಮೇಲೆ ಎಲ್ಲಾ ಕಡೆ ಕನ್ವೆನ್ಷನ್ ಹಾಲ್‌ಗಳು ಎದ್ದವು, ಬೀದಿ ಶಾಮಿಯಾನ ಯಾರಿಗೂ ಬೇಡವಾಯ್ತು. ‘ಮುಂದಿನ ಸೀಸನ್ನಲ್ಲಿ ತುಂಬಿಸ್ತೀನಿ’ ಅಂದುಕೊಳ್ಳುತ್ತಲೇ ತಳ ಕಂಡಿತು. ಬೇಲಿ ಎದ್ದು ಹೊಲ ಮೇಯ್ತು ಅಂತಾರಲ್ಲ, ಆ ಬೇಲಿಯೇನೂ ಒಂದೇ ದಿನ ಎದ್ದು ನಿಂತದ್ದಲ್ಲ.

ಈಗ ತಟ್ಟೆ ಮುಂದಿದೆ. ಕಾಂತರಾಜ ಬಾಯಿ ತೆರೆದ. ಬಂದದ್ದು ಸುಳ್ಳು.

“ದುಡ್ಡು ಭದ್ರವಾಗಿದೆ ಅತ್ತೆ. ಆದರೆ ಡಿಪಾಸಿಟ್ ಇಟ್ಟಿದೀನಲ್ಲ, ಅವಧಿ ಮುಗಿಯೋ ತನಕ ತೆಗೆಯೋಕೆ ಬಿಡಲ್ಲ. ಇನ್ನೊಂದು ವರ್ಷ ಇದೆ. ಕೈಯಿಂದ ಕೊಡೋಣ ಅಂದ್ರೆ ನನ್ನ ಅಂಗಡಿಯೂ ಈಗ...” ಅಂತ ಕೈ ಆಡಿಸಿ ಧೂಳು ಹಿಡಿದ ಕುರ್ಚಿಗಳನ್ನು ತೋರಿಸಿದ. ಅಂಗಡಿ ಖಾಲಿ ಬಿದ್ದಿದ್ದು ಮಾತ್ರ ನಿಜ. ಸುಳ್ಳಿಗೆ ಸಾಕ್ಷಿ ಹೇಳೋಕೆ ಆ ನಿಜಾನೂ ಎಳೆದು ತಂದ, ನಾಚಿಕೆಗೇಡಿ.

ದ್ಯಾಮಮ್ಮನ ಮುಖ ಇಳಿಯಿತು. ಆದರೆ ಅನುಮಾನದಿಂದಲ್ಲ, ಮರುಕದಿಂದ. “ಅಯ್ಯೋ ಪಾಪ, ನೀನೂ ಕಷ್ಟದಲ್ಲಿದೀಯೇನಪ್ಪ? ನಮಗೆ ಹೇಳಲೇ ಇಲ್ಲವಲ್ಲ” ಅಂದಳು. ಹೋಗುವಾಗ ಬಾಳೆಹಣ್ಣಿನ ಚಿಪ್ಪನ್ನು ಶೀಲಾಳ ಕೈಗೇ ಕೊಟ್ಟು ಹೋದಳು. ಆ ಹಣ್ಣನ್ನು ಕಾಂತರಾಜ ಮುಟ್ಟಲಿಲ್ಲ. ಶೀಲಾ ಎರಡು ಸಲ ಕೇಳಿದಳು, ಹೊಟ್ಟೆ ಸರಿ ಇಲ್ಲ ಅಂದ.

ಮರುದಿನ ಶನಿವಾರ ಬೆಳಿಗ್ಗೆ ಅವರಿಬ್ಬರೂ ಮತ್ತೆ ಬಂದರು. ಈ ಸಲ ತಟ್ಟೆ ಇರಲಿಲ್ಲ. ಮಧುಶ್ರೀ ತನ್ನ ಚೀಲದಿಂದ ಒಂದು ಕೆಂಪು ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಜುಮಕಿ, ಸರ.

“ಮಾವ, ಇದನ್ನ ಮಾರಿ ಫೀಸು ಕಟ್ಟೋಣ ಅಂತ. ನೀವು ಬೇಜಾರು ಮಾಡ್ಕೋಬಾರದು. ನೀವು ದುಡಿದು ಹಾಕಿದ್ದು, ನಂಗೂ ಮನಸ್ಸಿಲ್ಲ. ಫೀಸು ಕಟ್ಟಿ ಏನಾದ್ರೂ ಮಿಕ್ಕಿದರೆ ನೀವು ಇಟ್ಕೊಳ್ಳಿ, ಅಂಗಡಿಗಾಗುತ್ತೆ.”

“ಮಾವ ಹಾಕಿದ ಒಡವೆನ ಮಾವನಿಗೆ ಹೇಳದೆ ಮಾರಿದ್ರೆ ತವರಿನ ಬಾಗಿಲು ನಾವೇ ಹಾಕ್ಕೊಂಡ ಹಾಗೆ” ಅಂದಳು ದ್ಯಾಮಮ್ಮ. “ಭದ್ರಾವತೀಲೂ ಮಾರಬಹುದಿತ್ತು. ನಿನ್ನ ಕೈಯಿಂದಲೇ ಆಗಲಿ ಅಂತ ಕರ್ಕೊಂಡು ಬಂದೆ.”

ಆಗಲೇ ಹೇಳಿಬಿಡಬೇಕಿತ್ತು. ನಾಲಿಗೆ ಮೇಲಕ್ಕೇಳಲಿಲ್ಲ. ಶೀಲಾ ಬೇರೆ ಎದುರಿಗೇ ಕೂತಿದ್ದಳು. ಆ ಒಡವೆಯ ದುಡ್ಡು ಚೀಟಿ ಎತ್ತಿದ್ದು ಅಂತ ಅವಳಿಗೆ ಹೇಳಿದ್ದ. ಕಾಂತರಾಜ ಚಪ್ಪಲಿ ಹಾಕಿಕೊಂಡು ಅವರ ಹಿಂದೆ ಹೊರಟ. ಹಗ್ಗ ಹಾಕಿ ಎಳೆದುಕೊಂಡು ಹೋದ ಹಾಗಿತ್ತು.

ಒಡವೆ ಕೊಂಡಿದ್ದು ಷಡಕ್ಷರಪ್ಪನ ಅಂಗಡಿಯಲ್ಲಿ. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂರೋ ಹಿರಿಯ ಮನುಷ್ಯ, ಬಾಯಿ ಸ್ವಲ್ಪ ದೊಡ್ಡದು. ಡಬ್ಬಿ ನೋಡಿದವನೇ ಗುರುತು ಹಿಡಿದ. “ಓಹೋ, ಇದು ಆರತಿಗೆ ಮಾಡಿಸಿದ್ದಲ್ವ! ಇವಳೇನಾ ಹುಡುಗಿ? ಏನವ್ವ, ನಿನ್ನ ಸೋದರಮಾವ ಆವತ್ತು ಬಂದು ‘ಸ್ವಾಮೀ, ತೂಕ ನೋಡಬೇಡಿ, ಅಪ್ಪ ಇಲ್ಲದ ಮಗು’ ಅಂತ ಇಲ್ಲೇ ಕಣ್ಣಲ್ಲಿ ನೀರು ಹಾಕಿದ್ರು, ಗೊತ್ತೇನು? ಇಂಥ ಮಾವ ಈ ಕಾಲದಲ್ಲಿ ಯಾರಿಗೆ ಸಿಗ್ತಾರೆ?”

ಅಂಗಡಿಯಲ್ಲಿದ್ದ ಬೇರೆ ಗಿರಾಕಿಗಳೂ ತಿರುಗಿ ನೋಡಿದರು. ಮಧುಶ್ರೀ ಮಾವನ ಕಡೆ ನೋಡಿ ನಕ್ಕಳು. ಥೂ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಕಾಂತರಾಜನಿಗೆ.

ಷಡಕ್ಷರಪ್ಪ ತೂಗಿದ. ಆಗಿನ ರೇಟಿಗೂ ಈಗಿನ ರೇಟಿಗೂ ಅಜಗಜಾಂತರ. “ಆವತ್ತು ಬ್ಯಾಂಕಲ್ಲಿ ಇಟ್ಟಿದ್ರೂ ಇಷ್ಟು ಬರ್ತಿರಲಿಲ್ಲ. ನಿಮ್ಮ ಮಾವ ದೊಡ್ಡ ಮನಸ್ಸಿನೋರು ಮಾತ್ರ ಅಲ್ಲ, ಬುದ್ಧಿವಂತರೂ ಹೌದು ಕಣವ್ವ” ಅಂದ. ನೋಟುಗಳನ್ನು ಎಣಿಸಿ, ಹೆಂಗಸರ ಜೊತೆ ಬಂದ ಗಂಡಸು ಅಂತ ರೂಢಿಯ ಮೇಲೆ ಕಾಂತರಾಜನ ಕಡೆಗೆ ಚಾಚಿದ.

ಕಾಂತರಾಜ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ತಗೊಳ್ಳಿ ಕಾಂತರಾಜಣ್ಣ.”

“ಅವಳ ಕೈಗೆ ಕೊಡಿ ಸ್ವಾಮೀ.”

“ಏ, ನೀವು ಹಿರಿಯರು...”

“ಅವಳ ಕೈಗೇ ಕೊಡಿ ಅಂದೆ!” ದನಿ ಚೀರಿದ ಹಾಗೆ ಬಂತು. ಷಡಕ್ಷರಪ್ಪ ಕಕ್ಕಾಬಿಕ್ಕಿಯಾಗಿ ದುಡ್ಡನ್ನು ಮಧುಶ್ರೀಗೆ ಕೊಟ್ಟ. ಅವಳು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು. ಅಂಗಡಿಯ ಮೆಟ್ಟಿಲಿಳಿಯುತ್ತಲೇ ಕಾಂತರಾಜ ಬಡಬಡ ಹೇಳಿಬಿಟ್ಟ. ಡಿಪಾಸಿಟ್ ಇಲ್ಲ. ದುಡ್ಡಿಲ್ಲ. ಟವೆಲಿನದು ಒಂದು ರೂಪಾಯೂ ಉಳಿದಿಲ್ಲ. ಈ ಒಡವೆ ನಾನು ದುಡಿದು ಹಾಕಿದ್ದಲ್ಲ ಮಗಾ, ಅದೂ ನಿಂದೇ ದುಡ್ಡು.

ಬಜಾರಿನ ಗದ್ದಲ ಸುತ್ತಲೂ ಇದ್ದ ಹಾಗೇ ಇತ್ತು. ದ್ಯಾಮಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ಕೂತು ಒಂದೊಂದಾಗಿ ಕೇಳತೊಡಗಿದಳು.

“ರೇಷ್ಮೆ ಲಂಗ?”

“ಅದೂ.”

“ಊಟ ಹಾಕಿಸಿದ್ದು?”

“ಅದೂ ಅತ್ತೆ.”

“ಕೊಬ್ಬರಿಬೆಲ್ಲ? ಕೊಬ್ಬರಿಬೆಲ್ಲನಾದ್ರೂ ನಿಂದೇನೋ?”

ಅವನು ಇಲ್ಲ ಅಂತ ತಲೆ ಆಡಿಸಿದ. ಮುದುಕಿ ತನ್ನ ಮೈಮೇಲಿನ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಒಳ್ಳೇ ಕೆಲಸಕ್ಕೆ ಹೋಗುವಾಗೆಲ್ಲ ಉಡುತ್ತಿದ್ದ ಸೀರೆ. ನಿನ್ನೆಯೂ ಉಟ್ಟಿದ್ದಳು, ಇವತ್ತೂ ಉಟ್ಟಿದ್ದಳು. “ನನ್ನ ಮಗ ಸತ್ತ ದುಡ್ಡಲ್ಲಿ ನಂಗೆ ಸೀರೆ ಉಡಿಸಿದ್ಯಲ್ಲೋ. ನಾನೂ ಉಟ್ಕೊಂಡು ಮೆರೆದ್ನಲ್ಲೋ” ಅಂದಳು. ಬೀದಿಯಲ್ಲಿ ಬಿಚ್ಚಿ ಎಸೆಯೋ ಹಾಗಿಲ್ಲ. ಮಧುಶ್ರೀಯ ದುಪಟ್ಟಾ ಇಸಿದುಕೊಂಡು ಸೀರೆ ಕಾಣದ ಹಾಗೆ ಹೊದ್ದುಕೊಂಡಳು.

ಮಧುಶ್ರೀ ಒಂದೇ ಮಾತು ಕೇಳಿದಳು. “ದುಶ್ಯಂತನ ಪಾಲೂ?”

“ಹೂಂ.”

ಅವಳು ಚೀಲದ ಜಿಪ್ ಎಳೆದಳು. “ಪುಟ್ಟಯ್ಯ ತಾತನ ಹತ್ರ ಹೋಗೋಣ. ನೀವೂ ಬನ್ನಿ ಮಾವ.”

ಭದ್ರಾವತಿ ಬಸ್ಸಿನಲ್ಲಿ ಅವರಿಬ್ಬರೂ ಮುಂದೆ ಕೂತರು, ಕಾಂತರಾಜ ಹಿಂದೆ ನಿಂತ. ಪಕ್ಕದಲ್ಲಿ ಸೀಟು ಖಾಲಿ ಇತ್ತು. ಕೂರೋ ಧೈರ್ಯ ಆಗಲಿಲ್ಲ.

ಪುಟ್ಟಯ್ಯ ಕೆಲಸದಿಂದ ನಿವೃತ್ತನಾಗಿ ಎರಡು ವರ್ಷ ಆಗಿತ್ತು. ಆದರೂ ಗೇಟಿನಲ್ಲಿ ಟವೆಲ್ ಹಿಡಿಯೋ ಕೆಲಸ ಇವತ್ತಿಗೂ ಅವನದೇ. ಓಲ್ಡ್ ಟೌನಿನ ತನ್ನ ಮನೆಯ ಮುಂದೆ ಕೂತಿದ್ದವನು ಕಾಂತರಾಜನನ್ನು ಕಂಡು ಎದ್ದೇಬಿಟ್ಟ. “ಬನ್ನಿ ಬನ್ನಿ ಕಾಂತರಾಜಣ್ಣ, ಅಪರೂಪ ಮಾರಾಯ್ರೇ! ಏ, ಕುರ್ಚಿ ತಾರೇ, ಕಾಫಿ ಮಾಡೇ!” ಮನೆಯಲ್ಲಿದ್ದ ಒಂದೇ ಕುರ್ಚಿ ಬಂತು. ಅದರಲ್ಲಿ ಕಾಂತರಾಜನನ್ನು ಕೂರಿಸಿ ಪುಟ್ಟಯ್ಯ ಜಗಲಿಯ ಅಂಚಿನಲ್ಲಿ ಕೂತ. ಕಾಫಿ ಲೋಟ ಕೈಗೆ ಬರೋ ಮೊದಲೇ ಕಾಂತರಾಜ ಎಲ್ಲವನ್ನೂ ಇನ್ನೊಮ್ಮೆ ಹೇಳಿದ.

ಪುಟ್ಟಯ್ಯ ಒಳಗಿಂದ ಬಂದ ಕಾಫಿ ಲೋಟವನ್ನು ವಾಪಸ್ ಕಳಿಸಿದ. ಆಮೇಲೆ ಅಂದ, “ಏಳು.”

“ಏನು?”

“ಕುರ್ಚಿಯಿಂದ ಏಳು ಮೇಲಕ್ಕೆ.”

ಕಾಂತರಾಜ ಎದ್ದ. ಪುಟ್ಟಯ್ಯ ಕುರ್ಚಿಯನ್ನು ತಾನೇ ಎತ್ತಿ ಒಳಗಿಟ್ಟು ಬಂದ. “ಇವರ ದೊಡ್ಡಪ್ಪ ಬಂದು ಕೇಳಿದ್ದ. ನಾಲ್ಕು ಜನರ ಮುಂದೆ ನಾಯಿಗೆ ಬೈದ ಹಾಗೆ ಬೈದು ಕಳಿಸಿದ್ದೆ. ಆ ಮನುಷ್ಯ ಆವತ್ತಿಂದ ನನ್ನ ಮುಖ ನೋಡಿಲ್ಲ. ನಾನು ಯಾರ ಕೈಗೆ ಕೊಟ್ಟೆನೋ, ಯಾರ ಕೈಗೆ! ನಡಿ, ಗೇಟಿಗೆ ನಡಿ. ಎಲ್ಲರ ಮುಂದೆ ನಿನ್ನ ನಿಲ್ಲಿಸಿ ಹೇಳ್ತೀನಿ. ಕ್ಯಾಕರಿಸಿ ಉಗೀಲಿ.”

“ನಡೀರಿ” ಅಂದ ಕಾಂತರಾಜ. ನಿಜವಾಗಿಯೂ ಅಂದ. ಉಗಿಸಿಕೊಂಡುಬಿಟ್ಟರೆ ಆಯ್ತು, ಇಷ್ಟು ವರ್ಷ ಹೊತ್ತಿದ್ದು ಇಳಿಯುತ್ತೆ, ಆಮೇಲೆ ಮನುಷ್ಯರ ಹಾಗೆ ಉಣ್ಣಬಹುದು, ಮಲಗಬಹುದು. “ಎಲ್ಲರ ಮುಂದೇನೂ ಒಪ್ಕೋತೀನಿ ಪುಟ್ಟಯ್ಯ. ನಾನೇ ಹೇಳ್ತೀನಿ.”

“ಬೇಡ” ಅಂದಳು ಮಧುಶ್ರೀ.

ಅಲ್ಲಿಯ ತನಕ ಗೋಡೆಗೆ ಒರಗಿ ನಿಂತಿದ್ದವಳು ಮುಂದೆ ಬಂದಳು. ಅತ್ತಿದ್ದಳು, ಮೂಗು ಕೆಂಪಾಗಿತ್ತು. ಮಾತು ಮಾತ್ರ ಗಟ್ಟಿಯಾಗಿತ್ತು. “ನೀವು ಹೇಳಿದ್ರೆ ನಿಮಗೆ ಹಗುರ ಆಗುತ್ತೆ ಮಾವ. ಆಮೇಲೆ? ಮೊನ್ನೆ ಎದೆನೋವಲ್ಲಿ ಸತ್ತೋದ್ನಲ್ಲ ನಮ್ಮ ಬೀದಿ ಜ್ಞಾನೇಶಣ್ಣ, ಅವನ ಮಗಳು ಭೂಮಿಕಾ ಇನ್ನೂ ಅಂಗನವಾಡಿಗೆ ಹೋಗ್ತಾಳೆ. ಈ ಸಂಬಳಕ್ಕೆ ಅವಳಿಗೋಸ್ಕರ ಟವೆಲ್ ಹಿಡೀಬೇಕು. ನಮ್ಮ ದುಡ್ಡು ಹೀಗಾಯ್ತು ಅಂತ ಗೊತ್ತಾದ್ರೆ ಯಾರು ತಾತ ಹಾಕ್ತಾರೆ? ಒಂದು ದಿನದ ಕೂಲಿ ಬಿಟ್ಟು ಕೊಟ್ಟೋರು ಅವರು.”

ದ್ಯಾಮಮ್ಮ ದುಪಟ್ಟಾ ಬಿಗಿಯಾಗಿ ಎಳೆದುಕೊಂಡಳು.

“ದುಡ್ಡು ವಾಪಸ್ ಕೊಡಿ” ಅಂದಳು ಹುಡುಗಿ. “ಪೂರ್ತಿ. ತಿಂಗಳು ತಿಂಗಳು ಸಂಬಳದ ದಿನ ಗೇಟಿಗೆ ಬಂದು ತಾತನ ಕೈಗೆ ಕೊಡಿ, ನಮ್ಮ ಮನೆಗೆ ಬರಬೇಡಿ. ಯಾರಿಗೂ ಏನೂ ಹೇಳಬೇಡಿ.”

ಆ ರಾತ್ರಿ ಶೀಲಾಗೆ ಹೇಳಿದಾಗ ಅವಳು ಅಟ್ಟದ ಮೇಲಿದ್ದ ಆರತಿಯ ಫೋಟೋ ಆಲ್ಬಮ್ ತೆಗೆದು ಅವನ ಮುಂದೆ ಬಿಸಾಕಿದಳು. “ಆ ಫೋಟೋದಲ್ಲಿ ನಿಮ್ಮ ಪಕ್ಕ ಹಲ್ಲು ಕಿರಿದುಕೊಂಡು ನಿಂತಿದೀನಲ್ಲ, ನನ್ನ ಮುಖಕ್ಕೂ ಮಸಿ ಬಳಿದ್ರಿ” ಅಂದವಳು ವಾರಗಟ್ಟಲೆ ಮಾತು ಬಿಟ್ಟಳು. ಕುರ್ಚಿ, ಬಟ್ಟೆ, ಕಂಬ ಎಲ್ಲಾ ಸಿಕ್ಕ ಬೆಲೆಗೆ ಹೋದವು. ಗಾಡಿ ಸಾಲಕ್ಕೆ ಹೋಯಿತು. ಕಾಂತರಾಜ ಇನ್ನೊಬ್ಬ ಡೆಕೋರೇಟರ್ ಕೈಕೆಳಗೆ ಕನ್ವೆನ್ಷನ್ ಹಾಲುಗಳಲ್ಲಿ ಹೂವಿನ ಕಮಾನು ಕಟ್ಟೋ ಕೆಲಸಕ್ಕೆ ಸೇರಿದ. ಅಂಗಡಿ ಸಾಮಾನು ಮಾರಿ ಬಂದದ್ದನ್ನು ಒಂದು ಕವರಿಗೆ ಹಾಕಿಕೊಂಡು ಸಂಬಳದ ದಿನ ಭದ್ರಾವತಿಗೆ ಹೋದ.

ಸಂಜೆ ಪಾಳಿ ಬಿಡೋ ಹೊತ್ತು. ಗೇಟಿನ ಪಕ್ಕದ ಚಹಾ ಅಂಗಡಿಯ ಮುಂದೆ ಪುಟ್ಟಯ್ಯ ಟವೆಲ್ ಬಿಚ್ಚಿ ಎರಡು ತುದಿ ಹಿಡಿದಿದ್ದ. ಇನ್ನೆರಡು ತುದಿ ಒಬ್ಬ ತರುಣನ ಕೈಯಲ್ಲಿತ್ತು. ಜ್ಞಾನೇಶನ ಬಾಮೈದ, ಅಂದರೆ ಆ ಮಗು ಭೂಮಿಕಾಳ ಸೋದರಮಾವ. ಮೀಸೆ ಸರಿಯಾಗಿ ಚಿಗುರಿರಲಿಲ್ಲ, ಕಣ್ಣು ಊದಿಕೊಂಡಿತ್ತು.

ಮೊದಲ ಹತ್ತಿಪ್ಪತ್ತು ಜನ ಹಾಕಿ ಹೋದರು. ಆಮೇಲೆ ಒಬ್ಬ ಹೊಸಬ, ನ್ಯೂ ಟೌನ್ ಕಡೆಯವನು, ನೋಟು ಕೈಯಲ್ಲಿ ಹಿಡಿದು ನಿಂತ. “ಹಾಕ್ತೀನಿ ತಾತ. ಆದ್ರೆ ಇದು ಮಗುಗೆ ಮುಟ್ಟುತ್ತೆ ಅಂತ ಏನು ಗ್ಯಾರಂಟಿ? ಎಷ್ಟೋ ಕಡೆ ಹತ್ತಿರದೋರೇ ನುಂಗಿ ನೀರು ಕುಡೀತಾರೆ.” ಹಿಂದಿದ್ದವರೂ ನಿಂತರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳೋದು ಅಂತಾರೆ. ಕಾಂತರಾಜನಿಗೆ ಹೆಗಲು ಮಾತ್ರ ಅಲ್ಲ, ಮೈಯೆಲ್ಲಾ ಮುಟ್ಟಿ ನೋಡಿಕೊಳ್ಳೋ ಹಾಗಾಯ್ತು. ಓಡಿಬಿಡೋಣ ಅಂತ ಒಂದು ಹೆಜ್ಜೆ ಹಿಂದಿಟ್ಟ. ಅಷ್ಟರಲ್ಲಿ ಪುಟ್ಟಯ್ಯನ ದನಿ ಎದ್ದಿತು.

“ಗ್ಯಾರಂಟಿ ಬೇಕಾ? ಅಲ್ಲಿ ನೋಡು. ಆ ನೀಲಿ ಅಂಗಿ. ಯೋಗರಾಜನ ಬಾಮೈದ. ಯೋಗರಾಜನ ಮಗಳು ನರ್ಸಿಂಗ್ ಸೇರಿದ್ಲು, ಗೊತ್ತಲ್ಲ? ಯಾವ ದುಡ್ಡಿಂದ? ಈ ಟವೆಲ್ ದುಡ್ಡಿಂದ. ಇವತ್ತೂ ಮಕ್ಕಳಿಗೆ ಕೊಡೋದು ತಂದಿದಾನೆ ನೋಡು ಕೈಯಲ್ಲಿ.” ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಹೇಳುವಾಗ ಪುಟ್ಟಯ್ಯ ಕಾಂತರಾಜನ ಕಡೆ ನೋಡಲಿಲ್ಲ, ಟವೆಲನ್ನೇ ನೋಡುತ್ತಿದ್ದ.

ಹೊಸಬ ನೋಟು ಹಾಕಿದ. ಹಿಂದಿದ್ದವರೆಲ್ಲ ಹಾಕಿದರು. ಹಾಕಿದವರಲ್ಲಿ ಕೆಲವರು ಕಾಂತರಾಜನ ಹತ್ತಿರ ಬಂದು ಕೈ ಹಿಡಿದು ಕುಲುಕಿದರು. “ದೊಡ್ಡೋರು ಅಣ್ಣಾ ನೀವು.” “ನಿಮ್ಮಂಥೋರು ಇರೋದ್ರಿಂದ ಮಳೆ ಬೆಳೆ ಆಗ್ತಿದೆ.” ಚಹಾದವನು ಕರೆದು ಲೋಟ ಕೊಟ್ಟ, ದುಡ್ಡು ಬೇಡ ಅಂದ. ‘ಅಯ್ಯಾ, ನಾನು ಕಳ್ಳ ಕಣ್ರೋ’ ಅನ್ನೋ ಮಾತು ನಾಲಿಗೆ ತುದಿಗೆ ಬಂದು ಬಂದು ನಿಂತಿತು. ಟವೆಲಿನಲ್ಲಿ ನೋಟುಗಳು ಏರುತ್ತಿದ್ದವು. ಅದನ್ನು ನೋಡಿಕೊಂಡೇ ಆ ಮಾತನ್ನು ಚಹಾದ ಜೊತೆ ನುಂಗಿದ. ಬೈಗುಳವಾಗಿದ್ದರೆ ಹೇಗೋ ತಡಕೊಳ್ಳುತ್ತಿದ್ದ.

ಜನ ಕರಗಿದ ಮೇಲೆ ಕವರನ್ನು ಪುಟ್ಟಯ್ಯನಿಗೆ ಕೊಟ್ಟ. ಪುಟ್ಟಯ್ಯ ಇಸಿದುಕೊಂಡು, “ಮುಂದಿನ ತಿಂಗಳು ತಡ ಮಾಡಬೇಡ” ಅಂದು ಟವೆಲಿಗೆ ಗಂಟು ಹಾಕತೊಡಗಿದ.

ಬಸ್ ಸ್ಟಾಪಿನ ಕಡೆ ತಿರುಗಿದರೆ ಹಿಂದಿನಿಂದ ಯಾರೋ ಓಡಿ ಬಂದರು. ಜ್ಞಾನೇಶನ ಬಾಮೈದ. “ಅಣ್ಣಾ, ಒಂದು ನಿಮಿಷ. ಈ ದುಡ್ಡು ನನ್ನ ಕೈಗೇ ಕೊಡೋಣ ಅಂತ ಜನ ಮಾತಾಡ್ತಿದಾರೆ, ಸೋದರಮಾವ ಅಂತ. ನಂಗೆ ಭಯ ಆಗ್ತಿದೆ. ನೀವು ಇಷ್ಟು ವರ್ಷ ಹೇಗೆ ಕಾಪಾಡಿದ್ರಿ? ಸ್ವಲ್ಪ ಹೇಳ್ಕೊಡಿ ಅಣ್ಣಾ.”

ಹುಡುಗ ಕೈ ಕಟ್ಟಿಕೊಂಡು ಮೇಷ್ಟ್ರ ಮುಂದೆ ನಿಂತ ಹಾಗೆ ನಿಂತಿದ್ದ.

“ನಿನ್ನ ಕೈಗೆ ತಗೋಬೇಡ” ಅಂದ ಕಾಂತರಾಜ. “ಬ್ಯಾಂಕಿನೋರು ಎಷ್ಟು ಕಾಗದ ಕೇಳಿದ್ರೂ ಓಡಾಡಿ ತಂದ್ಕೊಡು. ಮಗು ಹೆಸರಲ್ಲೇ ಇಡ್ಸು. ಪುಟ್ಟಯ್ಯನ್ನೂ ಜೊತೆಗೆ ಕರ್ಕೊಂಡು ಹೋಗು. ಸದ್ಯಕ್ಕೆ ನನ್ನ ಹತ್ರ ಇರಲಿ ಅಂತ ಮಾತ್ರ ಅನ್ನಬೇಡ.”

“ಹೂಂ ಅಣ್ಣಾ.”

“ಇನ್ನೊಂದು. ಆ ಮಗು ದೊಡ್ಡೋಳಾದಾಗ ಆರತಿ ಮಾಡ್ತಾರೆ. ಬೀದಿಯೋರೆಲ್ಲ ಬಂದಿರ್ತಾರೆ, ಸೋದರಮಾವ ಏನು ತಂದ ಅಂತ ನೋಡ್ತಾರೆ. ಆವತ್ತು ನಿನ್ನ ಜೇಬಲ್ಲಿ ಏನೂ ಇಲ್ಲ ಅಂದ್ರೆ ಬರಿಗೈಲಿ ಹೋಗು. ಎರಡು ಅಚ್ಚು ಬೆಲ್ಲ ತಗೊಂಡು ಹೋಗು, ಅದಕ್ಕೂ ಗತಿ ಇಲ್ಲ ಅಂದ್ರೆ ಬರಿಗೈಲೇ ಹೋಗು. ಜನ ನಗ್ತಾರೆ, ನಗಲಿ. ತಲೆ ತಗ್ಗಿಸ್ಕೊಂಡು ಕೂತು ಉಂಡ್ಕೊಂಡು ಬಾ. ಅಷ್ಟು ಮಾಡಿದ್ರೆ ಸಾಕು ಮಾರಾಯ, ದುಡ್ಡು ತಾನಾಗೇ ಉಳಿಯುತ್ತೆ.”

ಹುಡುಗ ಕಣ್ಣರಳಿಸಿ ಅವನನ್ನೇ ನೋಡಿದ. ಭಕ್ತಿಯಿಂದ ಕೇಳಿದ, “ನೀವು ಹಾಗೇ ಹೋಗಿದ್ರಾ ಅಣ್ಣಾ?”

ಶಿವಮೊಗ್ಗದ ಬಸ್ಸು ಬಂದು ನಿಂತಿತು. ಕಾಂತರಾಜ ಹತ್ತಲಿಲ್ಲ.

“ಇಲ್ಲಪ್ಪ” ಅಂದ.